ವ್ಯಾಪ್ ಕಾಲದ ವ್ಯಾಪಾರ

2001ರಲ್ಲಿ ನಾನಿದ್ದ ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಒಂದು ಬ್ಯಾಂಕಿನ ಕೆಲಸ ಬಂತು. ಗ್ರಾಹಕರು ಮೊಬೈಲಿನಲ್ಲೇ ಬ್ಯಾಲೆನ್ಸ್ ನೋಡಬೇಕು, ಕೊನೆಯ ಐದು ಎಂಟ್ರಿ ನೋಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಕೇಳಿದ್ದು ಇಷ್ಟೇ. ನನಗೆ ಕೆಲಸ ಸಿಕ್ಕಿ ಜಾಸ್ತಿ ಕಾಲ ಆಗಿರಲಿಲ್ಲ. ಫೋನಿನಿಂದ ದುಡ್ಡು ಓಡಾಡುತ್ತದೆ ಎನ್ನುವ ಮಾತಿಗೇ ಮೈ ಜುಮ್ಮೆನ್ನುತ್ತಿತ್ತು.

ಆಗ ಮೊಬೈಲಿನಲ್ಲಿ ಇಂಟರ್ನೆಟ್ ಎಂದರೆ ವ್ಯಾಪ್. ಎರಿಕ್ಸನ್, ಮೊಟೊರೊಲಾ, ನೋಕಿಯಾ, ಅನ್‌ವೈರ್ಡ್ ಪ್ಲಾನೆಟ್ ಎಂಬ ನಾಲ್ಕು ಕಂಪನಿಗಳು 1997ರಲ್ಲಿ ವ್ಯಾಪ್ ಫೋರಂ ಕಟ್ಟಿಕೊಂಡು ಇದರ ನಿಯಮಗಳನ್ನು ಬರೆದಿದ್ದವು. ಫೋನಿನಲ್ಲಿ ಮೆಮೊರಿ ಕಮ್ಮಿ, ಪರದೆ ಸಣ್ಣದು, ಸಂಪರ್ಕ ನಿಧಾನ. ಮಾಮೂಲಿ ವೆಬ್ ಪುಟ ಅದಕ್ಕೆ ಜೀರ್ಣವಾಗುವುದಿಲ್ಲ. ಹಾಗಾಗಿ ನಡುವೆ ಗೇಟ್‌ವೇ ಎಂಬ ಒಂದು ಕಂಪ್ಯೂಟರ್ ಇರುತ್ತಿತ್ತು. ಫೋನು ಗೇಟ್‌ವೇ ಜೊತೆ ವ್ಯಾಪ್ ರೀತಿಯಲ್ಲಿ ಮಾತಾಡುತ್ತದೆ. ಗೇಟ್‌ವೇ ನಮ್ಮ ಸರ್ವರ್ ಜೊತೆ ವೆಬ್ಬಿನ ಮಾಮೂಲಿ ರೀತಿಯಾದ ಎಚ್‌ಟಿಟಿಪಿಯಲ್ಲಿ ಮಾತಾಡಿ, ಬಂದ ಪುಟವನ್ನು ಕುಗ್ಗಿಸಿ ಫೋನಿಗೆ ಕೊಡುತ್ತದೆ. ಮುಂದೆ ಎಷ್ಟೋ ವರ್ಷ ನನ್ನ ಕೆಲಸವೆಲ್ಲ ಈ ಗೇಟ್‌ವೇ ಸುತ್ತಲೇ ನಡೆಯಿತು. ಬ್ಯಾಂಕಿನವರಿಗೆ ಅದನ್ನು ಕಂಡರೆ ಭಯ. ಆಮೇಲೆ ನಾವು ರಿಂಗ್‌ಟೋನ್ ಅಂಗಡಿ ಇಟ್ಟಾಗ ಅದೇ ಗೇಟ್‌ವೇ ನಮ್ಮ ಗಲ್ಲಾಪೆಟ್ಟಿಗೆ ಆಯಿತು.

ಮೊದಲು ಪುಟ ಬರೆಯುವ ಕೆಲಸ. ಭಾಷೆ ಡಬ್ಲ್ಯೂಎಂಎಲ್. ಇಲ್ಲಿ ಪುಟ ಎನ್ನುವುದಿಲ್ಲ, ಡೆಕ್ ಎನ್ನುತ್ತಾರೆ. ಒಂದು ಡೆಕ್ಕಿನೊಳಗೆ ಹಲವು ಕಾರ್ಡ್. ಪರದೆಯ ಮೇಲೆ ಒಂದು ಸಲಕ್ಕೆ ಒಂದು ಕಾರ್ಡ್ ಮಾತ್ರ ಕಾಣುತ್ತದೆ. ಡೆಕ್ ಒಮ್ಮೆ ಫೋನಿಗೆ ಬಂತೆಂದರೆ ಅದರೊಳಗಿನ ಕಾರ್ಡುಗಳ ನಡುವೆ ಓಡಾಡಲು ನೆಟ್‌ವರ್ಕ್ ಬೇಕಿಲ್ಲ. ಆದ್ದರಿಂದ ಆದಷ್ಟು ಕಾರ್ಡುಗಳನ್ನು ಒಂದೇ ಡೆಕ್ಕಿಗೆ ತುಂಬಬೇಕು. ಆದರೆ ಡೆಕ್ಕಿಗೂ ಮಿತಿ ಇದೆ. ನಮ್ಮ ಟೇಬಲ್ ಮೇಲೆ ಇದ್ದ ನೋಕಿಯಾ 7110 ಸುಮಾರು 1400 ಬೈಟ್ ದಾಟಿದ ಡೆಕ್ಕನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಆ 1400 ಬೈಟ್ ಎಲ್ಲಿ ಖರ್ಚಾಗುತ್ತದೆ ಎಂದು ತಿಳಿದುಕೊಳ್ಳುವುದೇ ಒಂದು ವಿದ್ಯೆ. ಗೇಟ್‌ವೇ ನಮ್ಮ ಡೆಕ್ಕನ್ನು ಬೈನರಿಗೆ ಬದಲಾಯಿಸಿ ಕಳಿಸುತ್ತದೆ. ಆಗ ಪ್ರತಿ ಟ್ಯಾಗಿಗೂ, ಅಂದರೆ ಇದು ಕಾರ್ಡ್, ಇದು ಪ್ಯಾರಾ ಎಂದು ಹೇಳುವ ಗುರುತಿಗೂ, ಒಂದೇ ಬೈಟ್. ಕಾರ್ಡ್ ಟ್ಯಾಗಿಗೆ 27 ಎಂಬ ಹೆಕ್ಸ್ (ಹದಿನಾರರ ಲೆಕ್ಕದ) ಸಂಖ್ಯೆ, ಪ್ಯಾರಾಗೆ 20. ವಿಳಾಸದ ಕೊನೆಗೆ ಬರುವ ಡಾಟ್ ಕಾಮ್ ಕೂಡ ಒಂದೇ ಬೈಟಿಗೆ ಇಳಿಯುತ್ತದೆ. ಆದರೆ ನಾವು ಬರೆದ ಮಾತು ಕುಗ್ಗುವುದಿಲ್ಲ. ಅದು ಅಕ್ಷರಕ್ಕೆ ಅಕ್ಷರ ಹಾಗೇ ಹೋಗುತ್ತದೆ. ಅಂದರೆ ಟ್ಯಾಗು ಅಗ್ಗ, ಮಾತು ದುಬಾರಿ. ಆಫೀಸಿನ ಒಂದು ಲಿನಕ್ಸ್ ಮಿಷನ್‌ನಲ್ಲಿ ಕ್ಯಾನೆಲ್ ಎಂಬ ಉಚಿತ ಗೇಟ್‌ವೇ ಹಾಕಿಕೊಂಡು, ಪ್ರತಿ ಡೆಕ್ ಬೈನರಿಯಲ್ಲಿ ಎಷ್ಟಾಯಿತು ಎಂದು ನೋಡುತ್ತಿದ್ದೆವು. ‘ದಯವಿಟ್ಟು ನಿಮ್ಮ ಪಿನ್ ನಮೂದಿಸಿ’ ಎಂಬ ಅರ್ಥದ ಇಂಗ್ಲಿಷ್ ಸಾಲು ಸವೆದು ಸವೆದು ಬರೀ ‘ಪಿನ್’ ಆಗಿ ನಿಂತಿತು. ಓದುವವರಿಗೂ ಅದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಈಗಲೂ ಒಂದು ಬಟನ್ ಮೇಲೆ ನಾಲ್ಕು ಪದ ಕಂಡರೆ ಮೂರನ್ನು ಅಳಿಸಬೇಕು ಅನಿಸುತ್ತದೆ.

ಕನ್ನಡದಲ್ಲಿ ಮಾಡಬೇಕು ಎಂಬ ಆಸೆ ನನಗೆ ತುಂಬಾ ಇತ್ತು. ಕರೆಂಟ್ ಬಿಲ್ ಕಟ್ಟುವವರು ಎಲ್ಲರೂ ಇಂಗ್ಲಿಷ್ ಓದಿದವರಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗ ಇರುವ ಯೂನಿಕೋಡನ್ನು ಡಬ್ಲ್ಯೂಎಂಎಲ್ ಒಪ್ಪಿಕೊಳ್ಳುತ್ತಿತ್ತು, ನಿಯಮದ ಪ್ರಕಾರ ಅಡ್ಡಿ ಇರಲಿಲ್ಲ. ಆದರೆ ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ‘ಬೆಂಗಳೂರು’ ಎಂದು ಬರೆದರೆ ಸ್ವರಚಿಹ್ನೆ, ಸೊನ್ನೆ ಎಲ್ಲಾ ಸೇರಿ ಎಂಟು ಚಿಹ್ನೆ, 24 ಬೈಟ್. ಅದನ್ನಾದರೂ ಸಹಿಸಬಹುದಿತ್ತು. ಫೋನಿನೊಳಗೆ ಕನ್ನಡದ ಫಾಂಟೇ ಇಲ್ಲ. ಬರೀ ಚೌಕ ಚೌಕ ಕಾಣುತ್ತಿತ್ತು.

ಆಮೇಲೆ ಚಿತ್ರದ ದಾರಿ ಹಿಡಿದೆ. ವ್ಯಾಪಿಗೆ ಡಬ್ಲ್ಯೂಬಿಎಂಪಿ ಎಂಬ ಕಪ್ಪು-ಬಿಳಿ ಚಿತ್ರದ ನಮೂನೆ ಇತ್ತು. ಒಂದು ಚುಕ್ಕಿಗೆ ಒಂದು ಬಿಟ್. 7110ರ ಪರದೆ ಅಗಲಕ್ಕೆ 96 ಚುಕ್ಕಿ, ಎತ್ತರಕ್ಕೆ 65. ಪೂರ್ತಿ ಅಗಲದ, 16 ಚುಕ್ಕಿ ಎತ್ತರದ ಒಂದು ಪಟ್ಟಿ ಮಾಡಿದರೆ 192 ಬೈಟ್ ಚಿತ್ರ, ನಾಲ್ಕು ಬೈಟ್ ತಲೆಬರಹ. ಗ್ರಾಫ್ ಪೇಪರ್ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿ ತುಂಬಿ ಅಕ್ಷರ ಬರೆದೆ. ‘ಖಾತೆ’ ಚೆನ್ನಾಗಿ ಕೂತಿತು. ‘ಮೊತ್ತ’ ಬರೆಯುವಾಗ ಕಷ್ಟ ಶುರುವಾಯಿತು. ತಲೆಕಟ್ಟಿಗೆ ಮೇಲೆ ಜಾಗ ಬೇಕು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ನಡುವಿನ ಅಕ್ಷರಕ್ಕೆ ಏಳೆಂಟು ಸಾಲು ಉಳಿಯುತ್ತದೆ. ಅಷ್ಟರಲ್ಲಿ ತ ಮತ್ತು ಅದರ ಒತ್ತು ಎರಡೂ ಕಲಸಿಹೋಗುತ್ತಿದ್ದವು. ಒತ್ತನ್ನು ಅಕ್ಷರದ ಬಲಕ್ಕೆ ಸ್ವಲ್ಪ ಸರಿಸಿ, ಒಂದು ಚುಕ್ಕಿ ಬಿಡುವು ಕೊಟ್ಟಾಗ ಓದಲು ಬಂತು. ನಾಲ್ಕೈದು ಪದಗಳನ್ನು ಹೀಗೆ ಮಾಡಿ ಮುಖ್ಯ ಮೆನುವಿಗೆ ಹಾಕಿದೆವು. ಪ್ರತಿ ಚಿತ್ರಕ್ಕೂ ಫೋನು ಬೇರೆ ಬೇರೆಯಾಗಿ ಕೇಳಿ ತರಿಸಿಕೊಳ್ಳಬೇಕು, ಅದರಿಂದ ತಡವಾಗುತ್ತದೆ. ಆದರೂ ಆ ಪದಗಳನ್ನು ಉಳಿಸಿಕೊಳ್ಳಲು ನಾನು ಮೀಟಿಂಗುಗಳಲ್ಲಿ ಹಟ ಹಿಡಿದೆ. ಕೊನೆಗೆ ಬ್ಯಾಂಕಿನವರು ಒಪ್ಪಿದರು.

ವೇಗದ ಬಗ್ಗೆ ಒಂದು ಮಾತು. ವ್ಯಾಪ್ ನಿಧಾನ ಎಂದು ಎಲ್ಲರೂ ಬೈಯುತ್ತಿದ್ದರು. ಆಗಿನ ವೇಗ ಸೆಕೆಂಡಿಗೆ 9600 ಬಿಟ್, ಎಂದರೆ 1200 ಬೈಟ್. ಇಡೀ ಡೆಕ್ ಒಂದು ಸೆಕೆಂಡು ಚಿಲ್ಲರೆಯಲ್ಲಿ ಬರುತ್ತದೆ. ಜೀವ ತಿನ್ನುತ್ತಿದ್ದದ್ದು ಸಂಪರ್ಕ. ಫೋನು ಮೋಡೆಮ್ ಥರ ಒಂದು ನಂಬರಿಗೆ ಡಯಲ್ ಮಾಡಬೇಕು, ಆ ಕಡೆಯವರು ಎತ್ತಬೇಕು, ಎರಡೂ ಹೊಂದಿಕೊಳ್ಳಬೇಕು. ಅಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತದೆ. ಸಂಪರ್ಕ ಸಿಕ್ಕ ಮೇಲೆ ನಿಮಿಷದ ಲೆಕ್ಕದಲ್ಲಿ ಕಾಲ್ ಚಾರ್ಜ್. ಸುಮ್ನೆ ಪರದೆ ನೋಡುತ್ತಾ ಕೂತರೂ ದುಡ್ಡು ಓಡುತ್ತದೆ.

ಇನ್ನು ಆರ್‌ಆರ್ ನಂಬರ್. ಕರೆಂಟ್ ಬಿಲ್ಲಿನ ಮೇಲೆ ಅಕ್ಷರ, ಅಂಕಿ ಬೆರೆತು ಇರುತ್ತದಲ್ಲ, ಅದು. ಅದನ್ನು ಫೋನಿನ ಕೀಲಿಗಳಲ್ಲಿ ಒತ್ತಲು ಹೋದರೆ, ಎಸ್ ಬರಬೇಕೆಂದರೆ 7ನ್ನು ನಾಲ್ಕು ಸಲ ಒತ್ತಬೇಕು, ಎಲ್ ಬರಬೇಕೆಂದರೆ 5ನ್ನು ಮೂರು ಸಲ. ಆ ಕಡೆ ನಿಮಿಷದ ಚಾರ್ಜ್ ಓಡುತ್ತಿದೆ. ಅದಕ್ಕೆ ಟೈಪ್ ಮಾಡುವುದನ್ನೇ ತೆಗೆದುಬಿಟ್ಟೆವು. ಆರ್‌ಆರ್ ನಂಬರನ್ನು ಬ್ರಾಂಚಿನಲ್ಲಿ ಒಮ್ಮೆ ಬರೆದುಕೊಟ್ಟರೆ ಸಾಕು. ಫೋನಿನಲ್ಲಿ ‘ಮನೆ’, ‘ಅಂಗಡಿ’ ಎಂಬ ಅರ್ಥದ ಪಟ್ಟಿ ಬರುತ್ತದೆ. ಆರಿಸಿ, ನಾಲ್ಕಂಕಿ ಪಿನ್ ಒತ್ತಿದರೆ ಮುಗಿಯಿತು.

ಇಷ್ಟು ಹೊತ್ತಿಗೆ ನಾವು ಗೆದ್ದೆವು ಅಂದುಕೊಂಡಿದ್ದೆವು. ಆಗ ಬ್ಯಾಂಕಿನ ಭದ್ರತೆ ನೋಡಿಕೊಳ್ಳುವ ಹಿರಿಯರು ಒಂದು ಪ್ರಶ್ನೆ ಕೇಳಿದರು. “ಫೋನಿನಿಂದ ಗೇಟ್‌ವೇ ತನಕ ಪಿನ್ ಗುಪ್ತವಾಗಿ ಬರುತ್ತೆ. ಗೇಟ್‌ವೇಯಿಂದ ನಮ್ಮ ತನಕವೂ ಗುಪ್ತವಾಗಿ ಬರುತ್ತೆ. ಗೇಟ್‌ವೇ ಒಳಗೆ?”

ಅವರು ಕೈ ಇಟ್ಟದ್ದು ಸರಿಯಾದ ಜಾಗಕ್ಕೆ. ಇಂಟರ್ನೆಟ್ಟಿನಲ್ಲಿ ಬ್ರೌಸರಿನಿಂದ ಸರ್ವರ್ ತನಕ ಒಂದೇ ಬೀಗ, ಎಸ್‌ಎಸ್‌ಎಲ್. ವ್ಯಾಪ್ ಫೋನಿಗೆ ಅದನ್ನು ಹೊರುವ ಶಕ್ತಿ ಇಲ್ಲ ಎಂದು ಡಬ್ಲ್ಯೂಟಿಎಲ್‌ಎಸ್ ಎಂಬ ಹಗುರವಾದ ಬೀಗ ಮಾಡಿದ್ದರು. ಎರಡೂ ಬೇರೆ ಬೇರೆ. ಹಾಗಾಗಿ ಗೇಟ್‌ವೇ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕು. ಅಂಚೆಯವನು ನಮ್ಮ ಲಕೋಟೆ ಒಡೆದು, ಕಾಗದವನ್ನು ಇನ್ನೊಂದು ಲಕೋಟೆಗೆ ಹಾಕಿ ಅಂಟಿಸಿದ ಹಾಗೆ. ಆ ಒಂದು ಕ್ಷಣ ಪಿನ್ ಗೇಟ್‌ವೇಯ ಮೆಮೊರಿಯಲ್ಲಿ ಬೆತ್ತಲಾಗಿ ಇರುತ್ತದೆ. ಗೇಟ್‌ವೇ ಇರುವುದು ಮೊಬೈಲ್ ಕಂಪನಿಯ ಕೋಣೆಯಲ್ಲಿ. ಜಗತ್ತಿನಾದ್ಯಂತ ಇದಕ್ಕೆ ವ್ಯಾಪ್ ಗ್ಯಾಪ್ ಎಂದೇ ಹೆಸರಾಗಿತ್ತು. ಮೊಬೈಲ್ ಕಂಪನಿ ಕದಿಯುತ್ತದೆ ಎಂದು ಯಾರೂ ಹೇಳಲಿಲ್ಲ. ಆದರೆ ತನ್ನ ಗ್ರಾಹಕರ ಪಿನ್ ತನಗೆ ಸೇರದ ಕೋಣೆಯಲ್ಲಿ ತೆರೆದುಕೊಳ್ಳುವುದನ್ನು ಬ್ಯಾಂಕು ಯಾಕೆ ಒಪ್ಪಬೇಕು? ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ.

ಇದ್ದ ದಾರಿ ಒಂದೇ. ಬ್ಯಾಂಕು ತನ್ನ ಕೋಣೆಯಲ್ಲೇ ತನ್ನದೇ ಗೇಟ್‌ವೇ ಇಡುವುದು. ಇಟ್ಟರು. ತಾಂತ್ರಿಕವಾಗಿ ಸಮಸ್ಯೆ ತೀರಿತು. ಜನರ ಕಡೆಯಿಂದ ನೋಡಿದರೆ ಅಲ್ಲೇ ಹೊಸದು ಹುಟ್ಟಿತು. ಗ್ರಾಹಕರ ಫೋನಿನಲ್ಲಿ ಇದ್ದದ್ದು ಮೊಬೈಲ್ ಕಂಪನಿಯ ಗೇಟ್‌ವೇಯ ಸೆಟ್ಟಿಂಗ್. ಬ್ಯಾಂಕಿನದಕ್ಕೆ ಹೊಸ ಸೆಟ್ಟಿಂಗ್ ಬೇಕು. ಡಯಲ್ ನಂಬರ್, ಗೇಟ್‌ವೇಯ ಐಪಿ ವಿಳಾಸ, ಹೆಸರು, ಪಾಸ್‌ವರ್ಡ್, ಭದ್ರತೆ ‘ಆನ್’. ಗೇಟ್‌ವೇಯ ಯಾವ ಬಾಗಿಲಿಗೆ ಹೋಗಬೇಕು ಎಂದು ಹೇಳುವ ಪೋರ್ಟ್ ನಂಬರ್ ಬೇರೆ: ಬೀಗ ಇರುವ ಸಂಪರ್ಕಕ್ಕೆ 9203, ಇಲ್ಲದ್ದಕ್ಕೆ 9201. ಇದನ್ನೆಲ್ಲ ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿ ಫೋನು ತಾನೇ ಉಳಿಸಿಕೊಳ್ಳುವ ಹಾಗೆ ಮಾಡಬಹುದಿತ್ತು. ಆದರೆ ಎಲ್ಲ ಫೋನಿಗೂ ಅದು ಹೊಂದುತ್ತಿರಲಿಲ್ಲ. ಉಳಿದವರಿಗೆ ಕೈಯಲ್ಲೇ ಹಾಕಿಕೊಡಬೇಕು.

ಹಾಗಾಗಿ ಶನಿವಾರಗಳಂದು ಬ್ರಾಂಚಿನಲ್ಲಿ ಒಂದು ಟೇಬಲ್ ಹಾಕಿಕೊಂಡು ಕೂರುತ್ತಿದ್ದೆವು. ಪಾಸ್‌ಬುಕ್ ಹಾಕಿಸಲು ಬಂದವರು ಕುತೂಹಲದಿಂದ ನಿಲ್ಲುತ್ತಿದ್ದರು. ನನಗೆ ಮರೆಯದೇ ಉಳಿದಿರುವುದು ಒಬ್ಬ ನಿವೃತ್ತ ಮೇಷ್ಟ್ರು. ಮಗ ಕೊಟ್ಟ ಫೋನು ತಂದಿದ್ದರು. ನಾನು ಒಂದೊಂದೇ ಮೆನುವಿಗೆ ಹೋಗಿ ಅಂಕಿ ಒತ್ತುತ್ತಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು. ಪರದೆ ಮೇಲೆ ‘ಖಾತೆ’ ಬಂದ ತಕ್ಷಣ “ಓ, ಕನ್ನಡ ಬರುತ್ತಲ್ಲಪ್ಪಾ” ಎಂದರು. ಮುಖ ಅರಳಿತು. ಬ್ಯಾಲೆನ್ಸ್ ಬಂತು. ಪಾಸ್‌ಬುಕ್ ತೆಗೆದು ತಾಳೆ ನೋಡಿದರು, ಪೈಸೆ ಸಮೇತ ಸರಿಯಿತ್ತು. ಆಮೇಲೆ ಬಿಲ್ ಕಟ್ಟುವುದನ್ನೂ ತೋರಿಸಿದೆ. ಅವರು ಸ್ವಲ್ಪ ಯೋಚಿಸಿ ಕೇಳಿದರು: “ಅಲ್ಲಪ್ಪಾ, ದುಡ್ಡು ಅವರಿಗೆ ಹೋಯ್ತು ಅಂತ ನನಗೆ ರಶೀದಿ ಯಾರು ಕೊಡ್ತಾರೆ?”

ಇದಕ್ಕೆ ನಮ್ಮ ಬಳಿ ಉತ್ತರ ಇತ್ತು, ಪರದೆ ಮೇಲೆ ಒಂದು ನಂಬರ್ ಬರುತ್ತಿತ್ತು. ಆದರೆ ಸಂಪರ್ಕ ಕಡಿದರೆ ನಂಬರೂ ಹೋಗುತ್ತಿತ್ತು. ಆ ವಾರವೇ ಬಿಲ್ ಕಟ್ಟಿದ ಮೇಲೆ ಒಂದು ಎಸ್ಸೆಮ್ಮೆಸ್ ಹೋಗುವ ಹಾಗೆ ಮಾಡಿದೆವು. ಅದಕ್ಕೆ ವ್ಯಾಪ್ ಬೇಕಿಲ್ಲ, ಗೇಟ್‌ವೇ ಬೇಕಿಲ್ಲ, ಯಾವ ಫೋನಾದರೂ ಸರಿ. ಇಡೀ ಸೇವೆಯಲ್ಲಿ ಜನರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಎಸ್ಸೆಮ್ಮೆಸ್.

ಬ್ಯಾಂಕಿನ ವ್ಯಾಪ್ ಸೇವೆ ನಡೆಯಿತು, ಆದರೆ ಬೆಳೆಯಲಿಲ್ಲ. ಸೆಟ್ಟಿಂಗ್ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಬ್ಯಾಲೆನ್ಸ್ ನೋಡಲು ಮಾತ್ರ ಬರುತ್ತಿದ್ದರು.

ಆ ದಿನಗಳಲ್ಲಿ ನಾವೆಲ್ಲ ಆಸೆಗಣ್ಣಿನಿಂದ ನೋಡುತ್ತಿದ್ದದ್ದು ಜಪಾನ್ ಕಡೆಗೆ. ಅಲ್ಲಿ ಎನ್‌ಟಿಟಿ ಡೊಕೊಮೊ ಎಂಬ ಮೊಬೈಲ್ ಕಂಪನಿ 1999ರ ಫೆಬ್ರವರಿಯಲ್ಲಿ ಐ-ಮೋಡ್ ಎಂಬ ಮೊಬೈಲ್ ಇಂಟರ್ನೆಟ್ ಸೇವೆ ಶುರು ಮಾಡಿತ್ತು. ಅವರ ವೇಗವೂ ಅದೇ 9600 ಬಿಟ್. ಪರದೆಯೂ ಸಣ್ಣದೇ. ಆದರೆ ಅಲ್ಲಿ ಡಯಲ್ ಮಾಡುವ ಗೋಜಿಲ್ಲ, ನಿಮಿಷದ ಬದಲು ತರಿಸಿಕೊಂಡ ಮಾಹಿತಿಯ ಪ್ಯಾಕೆಟ್ ಲೆಕ್ಕದಲ್ಲಿ ಚಾರ್ಜ್. ಅದಕ್ಕಿಂತ ದೊಡ್ಡ ವಿಷಯ ಹಣ ವಸೂಲಿ. ಸಣ್ಣ ಸಣ್ಣ ಸೇವೆಗಳ ತಿಂಗಳ ಶುಲ್ಕವನ್ನು ಡೊಕೊಮೊ ಫೋನ್ ಬಿಲ್ಲಿನಲ್ಲೇ ಸೇರಿಸಿ ವಸೂಲಿ ಮಾಡುತ್ತಿತ್ತು. ತನಗೆ 9 ಪರ್ಸೆಂಟ್ ಇಟ್ಟುಕೊಂಡು ಉಳಿದದ್ದನ್ನು ಸೇವೆ ಕೊಡುವವರಿಗೆ ಕೊಡುತ್ತಿತ್ತು. ಯಾರೂ ಕಾರ್ಡ್ ನಂಬರ್ ಒತ್ತಬೇಕಿರಲಿಲ್ಲ. ಐ-ಮೋಡ್ ಗೆದ್ದದ್ದಕ್ಕೆ ಚಂದದ ಫೋನುಗಳು ಕಾರಣ ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ದುಡ್ಡು ಕೊಡುವ ದಾರಿ ಮೊದಲೇ ತೆರೆದಿತ್ತು, ಅದಕ್ಕೇ ಅಂಗಡಿಗಳು ಬಂದವು.

ಎರಡು ಮೂರು ವರ್ಷ ಕಳೆಯಿತು. ಜಿಪಿಆರ್‌ಎಸ್ ಎಂಬ ಹೊಸ ಮೊಬೈಲ್ ಇಂಟರ್ನೆಟ್ ಸಂಪರ್ಕ ಬಂದಿತ್ತು. ಡಯಲ್ ಮಾಡುವ ಕಾಟ ತಪ್ಪಿತು, ನಿಮಿಷದ ಬದಲು ಕಿಲೋಬೈಟ್ ಲೆಕ್ಕ ಬಂತು. ಬಣ್ಣದ ಪರದೆಯ ಫೋನುಗಳು ಬಂದವು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಪ್ರೀಪೇಯ್ಡ್ ಸಿಮ್ ಹಳ್ಳಿ ಹಳ್ಳಿಗೂ ಹೋಯಿತು. ನಮ್ಮ ಕಂಪನಿ ರಿಂಗ್‌ಟೋನ್ ಮಾರಲು ಇಳಿಯಿತು.

ಬ್ಯಾಂಕಿನ ಕೆಲಸ ಮಾಡಿ ಬಂದವನಿಗೆ ಇದು ಸಣ್ಣ ಕೆಲಸ ಅಂತ ಕೆಲವರಿಗೆ ಅನಿಸಿತ್ತು. ನನಗೆ ಅನಿಸಲಿಲ್ಲ. ಇಲ್ಲಿ ನಿಜವಾಗಿಯೂ ವ್ಯಾಪಾರ ನಡೆಯುತ್ತಿತ್ತು. ಮೊದಲು ಒಂದೇ ಸ್ವರದ ಟೋನುಗಳು. ಅವನ್ನು ಆರ್‌ಟಿಟಿಟಿಎಲ್ ಎಂಬ ರೀತಿಯಲ್ಲಿ ಬರೀ ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲಿಗೆ ಸ್ವರದ ಉದ್ದ, ಸ್ಥಾಯಿ, ವೇಗ. ಆಮೇಲೆ ಸಾಲಾಗಿ ಸ್ವರಗಳು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಒಬ್ಬರು ಬಂದು ಬರೆದುಕೊಡುತ್ತಿದ್ದರು. ಹಾಡಿನ ಹಕ್ಕಿಗೆ ಲೈಸೆನ್ಸ್ ತೆಗೆದುಕೊಳ್ಳಬೇಕಿತ್ತು. ಭಾವಗೀತೆಗಳ ಟೋನ್ ಮಾಡುವಾಗ ಅವರು ತಲೆ ಅಲ್ಲಾಡಿಸುತ್ತಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಬರೆಯಲು ಅದರಲ್ಲಿ ದಾರಿಯೇ ಇಲ್ಲ. ಜಾರುವ ಕಡೆ ಎರಡು ಚಿಕ್ಕ ಸ್ವರ ಸೇರಿಸಿ ಕಿವಿಗೆ ಹಾಗೆ ಕೇಳಿಸುವಂತೆ ಮಾಡುತ್ತಿದ್ದರು. ಕೇಳಿದರೆ ಹಾಡು ಗೊತ್ತಾಗುತ್ತಿತ್ತು. ಅದು ಅವರ ಕೈಚಳಕ.

ದೊಡ್ಡ ಟೋನುಗಳು ಬಂದಾಗ ಎಸ್ಸೆಮ್ಮೆಸ್ಸಿನ 140 ಬೈಟ್ ಸಾಲದಾಯಿತು. ಆಗ ವ್ಯಾಪ್ ಪುಶ್. ಟೀವಿಯಲ್ಲಿ, ಪೇಪರಿನಲ್ಲಿ ಕಂಡ ಕೋಡನ್ನು ಗ್ರಾಹಕರು ನಾಲ್ಕಂಕಿಯ ನಂಬರಿಗೆ ಕಳಿಸುತ್ತಾರೆ. ನಾವು ಒಂದು ವಿಶೇಷ ಎಸ್ಸೆಮ್ಮೆಸ್ ಕಳಿಸುತ್ತೇವೆ, ಅದರೊಳಗೆ ಒಂದು ವಿಳಾಸ. ಒತ್ತಿದರೆ ಬ್ರೌಸರ್ ತೆರೆದುಕೊಂಡು ನಮ್ಮ ಅಂಗಡಿಗೆ ಬರುತ್ತದೆ.

ಈಗ ಗೇಟ್‌ವೇ ವಿಷಯಕ್ಕೆ ಬರುತ್ತೇನೆ. ಬಂದವರು ಯಾರು ಎಂದು ಅಂಗಡಿಗೆ ಹೇಗೆ ಗೊತ್ತು? ಲಾಗಿನ್ ಇಲ್ಲ, ಪಿನ್ ಇಲ್ಲ. ಫೋನು ಜಿಪಿಆರ್‌ಎಸ್‌ಗೆ ಸೇರಿದಾಗ ಅದಕ್ಕೆ ಒಂದು ಐಪಿ ವಿಳಾಸ ಸಿಗುತ್ತದೆ. ಈ ವಿಳಾಸ ಈ ಮೊಬೈಲ್ ನಂಬರಿನದು ಎಂದು ನೆಟ್‌ವರ್ಕ್ ಗೇಟ್‌ವೇಗೆ ತಿಳಿಸುತ್ತದೆ. ಗೇಟ್‌ವೇ ನಮ್ಮ ಸರ್ವರಿಗೆ ಪುಟ ಕೇಳುವಾಗ ಹೆಡರ್ ಎಂಬ ವಿವರದ ಸಾಲಿನಲ್ಲಿ ಆ ನಂಬರನ್ನೂ ಬರೆದು ಕಳಿಸುತ್ತದೆ. ಆ ಒಂದು ಸಾಲಿನ ಮೇಲೆ ನಮ್ಮ ಅಂಗಡಿ ನಿಂತಿತ್ತು. ಸಾಮಾನ್ಯ ಇಂಟರ್ನೆಟ್ಟಿನಿಂದ ಯಾರು ಬೇಕಾದರೂ ಆ ಹೆಡರ್ ಬರೆದು ಬೇರೆಯವರ ನಂಬರ್ ಹಾಕಬಹುದು. ಅದಕ್ಕೆ ಮೊಬೈಲ್ ಕಂಪನಿಯ ಗೇಟ್‌ವೇಯ ವಿಳಾಸದಿಂದ ಬಂದರೆ ಮಾತ್ರ ನಂಬುತ್ತಿದ್ದೆವು, ಉಳಿದದ್ದಕ್ಕೆ ಬಾಗಿಲು ಹಾಕುತ್ತಿದ್ದೆವು.

ನಂಬರ್ ಗೊತ್ತಾದ ಮೇಲೆ ದುಡ್ಡು ಸುಲಭ. ಆ ನಂಬರಿನ ಪ್ರೀಪೇಯ್ಡ್ ಬ್ಯಾಲೆನ್ಸಿನಿಂದ 10 ರೂಪಾಯಿ ಕಡಿತ. ದೊಡ್ಡ ಪಾಲು ಮೊಬೈಲ್ ಕಂಪನಿಗೆ, ಉಳಿದದ್ದು ನಮಗೆ ಮತ್ತು ಹಾಡಿನವರಿಗೆ. ಪಾಲಿನ ಬಗ್ಗೆ ನನಗೆ ಆಗಲೂ ಬೇಸರ ಇತ್ತು, ಈಗಲೂ ಇದೆ. ಜಪಾನಿನ ಆ 9 ಪರ್ಸೆಂಟ್ ತಲೆಯಿಂದ ಹೋಗುತ್ತಿರಲಿಲ್ಲ. ಆದರೆ ಕ್ರೆಡಿಟ್ ಕಾರ್ಡ್ ಕಂಡೇ ಇಲ್ಲದ ಜನರ ಕೈಯಲ್ಲೂ ಆ ಬ್ಯಾಲೆನ್ಸ್ ಇತ್ತು. ಮೂಲೆಯ ಅಂಗಡಿಯಲ್ಲಿ ನೋಟು ಕೊಟ್ಟು ರೀಚಾರ್ಜ್ ಮಾಡಿಸಿದರೆ ಅದು ಎಲೆಕ್ಟ್ರಾನಿಕ್ ದುಡ್ಡಾಗುತ್ತಿತ್ತು. ಬ್ಯಾಂಕು ಮುಟ್ಟಲಾಗದ ಜನರನ್ನು ರೀಚಾರ್ಜ್ ಅಂಗಡಿ ಮುಟ್ಟಿತ್ತು.

ಜಗಳ ಬರುತ್ತಿದ್ದದ್ದು ಡೌನ್‌ಲೋಡ್ ಅರ್ಧಕ್ಕೆ ನಿಂತಾಗ. ದುಡ್ಡು ಹೋಯಿತು, ಹಾಡು ಬರಲಿಲ್ಲ. ಇದನ್ನು ಸರಿಪಡಿಸಲೇಬೇಕು ಎಂದು ನಾವು ಬಹಳ ಕಷ್ಟಪಟ್ಟೆವು. 10 ರೂಪಾಯಿ ಕೊಟ್ಟವರಿಗೆ ಅದು ದೊಡ್ಡ ಮೊತ್ತವೇ. ಹೊಸ ಫೋನುಗಳಲ್ಲಿ ಓಎಂಎ ಡೌನ್‌ಲೋಡ್ ಎಂಬ ಪದ್ಧತಿ ಬಂದಿತ್ತು. ಅದರಲ್ಲಿ ಫೋನು ಮೊದಲು ಒಂದು ಚಿಕ್ಕ ವಿವರದ ಫೈಲ್ ತರಿಸಿಕೊಳ್ಳುತ್ತದೆ. ಹೆಸರು, ಸೈಜು, ಹಾಡು ಎಲ್ಲಿದೆ ಎಂಬ ವಿಳಾಸ, ಮುಗಿದ ಮೇಲೆ ಎಲ್ಲಿಗೆ ವರದಿ ಕೊಡಬೇಕು ಎಂಬ ವಿಳಾಸ. ಹಾಡು ಪೂರ್ತಿ ಬಂದು ಉಳಿದರೆ ಫೋನೇ 900 ಎಂಬ ಸಂಖ್ಯೆ ಕಳಿಸುತ್ತದೆ. ಜಾಗ ಸಾಲದಿದ್ದರೆ 901. ಗ್ರಾಹಕರೇ ಬೇಡ ಎಂದರೆ 902. ಮೊದಲು ಬ್ಯಾಲೆನ್ಸ್ ಇದೆಯಾ ಎಂದು ಕೇಳಿ, ದುಡ್ಡನ್ನು ಮೀಸಲಿಟ್ಟು, 900 ಬಂದ ಮೇಲೆ ಮಾತ್ರ ಕಡಿತ ಮಾಡುವ ಹಾಗೆ ಬರೆದೆವು. ದೂರಿನ ಫೋನುಗಳು ಕಡಿಮೆಯಾದವು. ಈ ಕೆಲಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಹಳೆಯ ಫೋನುಗಳಿಗೆ ಈ ಸೌಲಭ್ಯ ಇರಲಿಲ್ಲ, ಅವರಿಗೆ ಮತ್ತೊಮ್ಮೆ ಉಚಿತವಾಗಿ ಇಳಿಸಿಕೊಳ್ಳಲು ಲಿಂಕ್ ಕೊಡುತ್ತಿದ್ದೆವು.

ಅಷ್ಟರಲ್ಲಿ ವ್ಯಾಪ್ 2.0 ಫೋನುಗಳು ಎಲ್ಲ ಕಡೆ ಬಂದವು. ಆ ನಿಯಮಗಳು 2002ರಲ್ಲೇ ಬಂದಿದ್ದರೂ ಜನರ ಜೇಬಿಗೆ ಬರಲು ಕಾಲ ಹಿಡಿಯಿತು. ಅದರಲ್ಲಿ ಫೋನಿನಿಂದ ಸರ್ವರ್ ತನಕ ಒಂದೇ ಬೀಗ. ಗೇಟ್‌ವೇ ಸುಮ್ಮನೆ ದಾಟಿಸುತ್ತದೆ, ಒಡೆಯುವುದಿಲ್ಲ. ಬ್ಯಾಂಕಿನ ಕೋಣೆಯಲ್ಲಿದ್ದ ಗೇಟ್‌ವೇ ಇನ್ನು ಬೇಕಿರಲಿಲ್ಲ, ಅದನ್ನು ಕಳಚಲು ನಾನೇ ಹೋಗಿದ್ದೆ. ಆದರೆ ಬೀಗ ಪೂರ್ತಿಯಾದ ಕಡೆ ಗೇಟ್‌ವೇ ನಂಬರ್ ಬರೆಯಲೂ ಆಗುವುದಿಲ್ಲ. ಮುಚ್ಚಿದ ಲಕೋಟೆಯೊಳಗೆ ಅದು ಏನನ್ನೂ ಸೇರಿಸಲಾರದು. ಬ್ಯಾಂಕಿಗೆ ಬೇಕಿದ್ದ ಗುಟ್ಟು, ಅಂಗಡಿಗೆ ಬೇಕಿದ್ದ ಗುರುತು, ಎರಡನ್ನೂ ಒಟ್ಟಿಗೆ ಕೊಡುವ ದಾರಿ ಆಗ ನಮ್ಮ ಕೈಯಲ್ಲಿ ಇರಲಿಲ್ಲ.

2016ರಲ್ಲಿ ಯುಪಿಐ ಬಂದಾಗ ಗುಟ್ಟು, ಗುರುತು ಎರಡನ್ನೂ ಅದು ಹೇಗೆ ಕೊಡುತ್ತದೆ ಎಂದೇ ನಾನು ಮೊದಲು ನೋಡಿದ್ದು. ಆಪ್‌ನಲ್ಲಿ ನೋಂದಣಿ ಮಾಡುವಾಗ ನಮ್ಮ ಫೋನಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ. ಕೆಲವರಿಗೆ ಅದರಿಂದ ಗಾಬರಿ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ಕೂಡ ಕೇಳಿದ, “ಸರ್, ಇದ್ಯಾಕೆ ಮೆಸೇಜ್ ಕಳಿಸುತ್ತೆ? ಒಟಿಪಿ ಅವರೇ ಕಳಿಸಬಹುದಲ್ವಾ?” ಒಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳಬಹುದು. ಆದರೆ ಈ ಸಿಮ್ ಇರುವ ಫೋನಿನಿಂದಲೇ ಹೊರಟ ಮೆಸೇಜಿಗೆ ನಂಬರನ್ನು ಹಾಕುವುದು ನೆಟ್‌ವರ್ಕ್. ಹಿಂದೆ ಗೇಟ್‌ವೇ ಹೆಡರಿನಲ್ಲಿ ಬರೆಯುತ್ತಿದ್ದ ನಂಬರ್ ಅದೇ, ಬೇರೆ ದಾರಿಯಲ್ಲಿ ಬರುತ್ತಿದೆ. ಪಿನ್ ಒತ್ತುವ ಪರದೆ ಆಪ್‌ನದಲ್ಲ, ಯುಪಿಐ ನಡೆಸುವ ಎನ್‌ಪಿಸಿಐ ಕೊಟ್ಟದ್ದು. ಪಿನ್ ಫೋನಿನಲ್ಲೇ ಗುಪ್ತವಾಗಿಬಿಡುತ್ತದೆ, ಆಪ್ ನಡೆಸುವವರಿಗೆ ಅದು ಕಾಣುವುದಿಲ್ಲ. ಇದನ್ನೆಲ್ಲ ಒಂದು ಹಾಳೆ ಮೇಲೆ ಗೆರೆ ಎಳೆದು ಅವನಿಗೆ ತೋರಿಸಿದೆ, ಪಕ್ಕದಲ್ಲೇ ಹಳೆಯ ಗೇಟ್‌ವೇ ಚಿತ್ರವನ್ನೂ ಬರೆದೆ. ಅವನು ಎರಡನ್ನೂ ನೋಡಿ, ಸಿಮ್ ಬದಲಾಯಿಸಿದರೆ ಏನಾಗುತ್ತೆ ಎಂದು ಕೇಳಿದ. ಮತ್ತೆ ಮೊದಲಿನಿಂದ ನೋಂದಣಿ ಮಾಡಬೇಕು, ಮತ್ತೆ ಮೆಸೇಜ್ ಹೋಗಬೇಕು ಎಂದೆ.